ಸೀಸನ್ ಮುಗಿಯಿತು, ಕಪ್ ಬರಲಿಲ್ಲ. ಮುಂದಿನ ವರ್ಷ 26 ಮಕ್ಕಳನ್ನೂ ಇಟ್ಟುಕೊಳ್ಳಲಾ, ಎಂಟೇ ಜನರನ್ನಾ?

ಸೀಟಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು ನಾನು. ಓಟದ ತಂಡವೂ ನನ್ನ ಹೊಣೆಯೇ. ಹೋದ ವಾರ ಸೀಸನ್ ಮುಗಿಯಿತು. ಐದು ಕೂಟಗಳಿಗೆ ಹೋಗಿದ್ದೆವು. ಬಂದಿದ್ದು ಎರಡು ಕಂಚು. ಕಪ್ ಇಲ್ಲ, ತಂಡ ಪ್ರಶಸ್ತಿ ಇಲ್ಲ, ಸ್ಟೇಜ್ ಮೇಲೆ ನಿಲ್ಲಿಸಿ ಫೋಟೋ ತೆಗೆಯುವಂಥದ್ದು ಏನೂ ಇಲ್ಲ.

ಸೋಮವಾರ ಹೆಡ್ಮಾಸ್ಟರು ಆಫೀಸಿಗೆ ಕರೆದರು. "ಮೇಷ್ಟ್ರೇ, 26 ಮಕ್ಕಳನ್ನ ಕಟ್ಟಿಕೊಂಡು ಓಡಾಡ್ತೀರಿ. ಗೆಲ್ಲೋರು ಎಷ್ಟು ಜನ? ಮುಂದಿನ ವರ್ಷ ಎಂಟೇ ಜನ ಸಾಕು, ಅವರನ್ನೇ ಚೆನ್ನಾಗಿ ತಯಾರು ಮಾಡಿ" ಅಂದರು. ಕೋಪದಲ್ಲಿ ಹೇಳಿದ್ದಲ್ಲ. ಬಸ್ಸು, ಬೂಟು, ತಪ್ಪಿಹೋಗುವ ಪಾಠ ಎಲ್ಲ ಲೆಕ್ಕ ಹಾಕಿಯೇ ಹೇಳಿದ್ದು. ನಾನು "ನೋಡ್ತೀನಿ ಸರ್" ಅಂದು ಎದ್ದು ಬಂದೆ. ಶುಕ್ರವಾರದೊಳಗೆ ಉತ್ತರ ಕೊಡಬೇಕು.

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಒಂದು ಮಗುವಿಗೆ ಒಂದು ಪುಟ. ಕೂಟಗಳ ಟೈಮು, ತಿಂಗಳ ಟ್ರಯಲ್ ಟೈಮು, ಯಾವತ್ತು ಬರಲಿಲ್ಲ, ಯಾಕೆ ಬರಲಿಲ್ಲ, ಎಲ್ಲ ಬರೆದಿದ್ದೇನೆ. ಕೊನೆವರೆಗೆ ಉಳಿದವರು 24. ಅವರಲ್ಲಿ 21 ಜನ ಮೊದಲ ಕೂಟಕ್ಕಿಂತ ಕೊನೆಯ ಕೂಟದಲ್ಲಿ ಬೇಗ ಓಡಿದ್ದಾರೆ. ಇದನ್ನ ಹಿಡಿದುಕೊಂಡು ಹೋಗಿ ತೋರಿಸಿದರೆ ನಗುತ್ತಾರೋ ಏನೋ.

ಒಂದು ಪುಟದ ಕಥೆ ಹೇಳುತ್ತೇನೆ. ಒಂಬತ್ತನೇ ಕ್ಲಾಸ್ ಹುಡುಗಿ, 3000 ಮೀಟರ್ ಓಡುತ್ತಾಳೆ. ಏಳೂವರೆ ಸುತ್ತು. ಮೊದಲ ಕೂಟದಲ್ಲಿ 15 ನಿಮಿಷ 40 ಸೆಕೆಂಡ್, ಎಲ್ಲರಿಗಿಂತ ಕೊನೆ. ಐದನೇ ಕೂಟದಲ್ಲೂ ಕೊನೆಯೇ. ಗೆದ್ದ ಹುಡುಗಿ ಗೆರೆ ದಾಟಿದಾಗ ಇವಳಿಗೆ ಇನ್ನೂ ಹತ್ತಿರ ಹತ್ತಿರ ಒಂದೂವರೆ ಸುತ್ತು ಬಾಕಿ. ಸ್ವಲ್ಪ ಹೊತ್ತಿಗೆ ಮಿಕ್ಕವರೂ ಮುಗಿಸಿದರು. ಇವಳು ಗೆರೆ ಹತ್ತಿರ ಬಂದಾಗ ಅಲ್ಲಿ ನಿಂತಿದ್ದವರು "ಆಯ್ತಮ್ಮಾ, ಬಾ" ಅಂತ ಕೈ ಬೀಸಿ ಕರೆದರು. ಅವಳು ನಿಲ್ಲಲಿಲ್ಲ. ಓಡುತ್ತಲೇ ಒಂದು ಬೆರಳು ಎತ್ತಿ ತೋರಿಸಿದಳು. ಇನ್ನೊಂದು ಸುತ್ತಿದೆ ಅಂತ.

ಅಷ್ಟರಲ್ಲಿ ಮುಂದಿನ ಸ್ಪರ್ಧೆಗೆ ಹರ್ಡಲ್ಸ್ ಜೋಡಿಸೋಕೆ ಶುರು ಮಾಡಿದ್ದರು. ಆಚೆ ಬದಿಯಲ್ಲಿ ಇಬ್ಬರು ಹುಡುಗರು ಮೊದಲ ಲೇನಿನಲ್ಲಿ ಇಟ್ಟಿದ್ದ ಹರ್ಡಲ್ ಎತ್ತಿ ಪಕ್ಕಕ್ಕೆ ಸರಿದರು. ಅವಳು ಹಾದುಹೋದಳು. ಮತ್ತೆ ಇಟ್ಟರು. ಮುಂದಿನ ಹರ್ಡಲ್ ಹತ್ತಿರವೂ ಅದೇ. ಆಮೇಲೆ ಅವಳು ನನ್ನ ಹತ್ತಿರ ಬಂದು ಹೇಳಿದ ಮೊದಲ ಮಾತು, "ಸರ್, ಹರ್ಡಲ್ ಇಡೋ ಅಣ್ಣ ನಂಗೆ ಸಾರಿ ಹೇಳಿದ್ರು."

ನನ್ನ ವಾಚಿನಲ್ಲಿ 13 ನಿಮಿಷ 52 ಸೆಕೆಂಡ್. ಒಂದು ಸೀಸನ್‌ನಲ್ಲಿ ಒಂದು ನಿಮಿಷ 48 ಸೆಕೆಂಡ್ ಇಳಿಸಿದ್ದಾಳೆ. ಅಧಿಕೃತ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಬರೀ ಒಂದು ಅಡ್ಡಗೆರೆ. ಅವರ ವಾಚು ಆಗಲೇ ನಿಲ್ಲಿಸಿಬಿಟ್ಟಿದ್ದರಂತೆ.

ಎಂಟು ಜನರ ಪಟ್ಟಿ ಮಾಡಿದರೆ ಇವಳು ಅದರಲ್ಲಿ ಇರೋದಿಲ್ಲ. ಏನು ಉತ್ತರ ಕೊಡಲಿ?

ನಾಲ್ಕನೇ_ಜಾಗ

ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ.

ಆರು ವರ್ಷ 400 ಮೀಟರ್ ಓಡಿದವನು ನಾನು. ಹೆಸರೇ ಹೇಳುತ್ತಲ್ಲ, ಯಾವ ಜಾಗ ಜಾಸ್ತಿ ಬಂದಿದೆ ಅಂತ. ಪ್ರತಿ ಸಲ ಯಾರಾದರೂ ಬಂದು ಬೆನ್ನು ತಟ್ಟಿ "ಗೆಲುವು ಮುಖ್ಯ ಅಲ್ಲಪ್ಪಾ, ಪ್ರಯತ್ನ ಮುಖ್ಯ" ಅನ್ನುತ್ತಿದ್ದರು. ಮೈ ಉರಿಯುತ್ತಿತ್ತು. ಆ ವಯಸ್ಸಿನಲ್ಲಿ ನನಗೆ ಬೇಕಿದ್ದದ್ದು ಸಮಾಧಾನ ಅಲ್ಲ. ಕೊನೆಯ 60 ಮೀಟರ್ ಬಂದಾಗ ನನ್ನ ಭುಜ ಯಾಕೆ ಕಿವಿವರೆಗೆ ಏರುತ್ತದೆ ಅಂತ ಯಾರಾದರೂ ನೋಡಿ ಹೇಳಬೇಕಿತ್ತು. ಒಬ್ಬರೂ ಹೇಳಲಿಲ್ಲ. ವರ್ಷಗಳ ಮೇಲೆ ಒಂದು ವಿಡಿಯೋ ನೋಡಿದಾಗ ನನಗೇ ಕಂಡಿತು.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನೆನಪು ಮಾಡಿಕೊಳ್ಳಿ. 400 ಮೀಟರ್ ಹರ್ಡಲ್ಸ್ ಫೈನಲ್. ಪಿ.ಟಿ. ಉಷಾ 55.42 ಸೆಕೆಂಡ್. ಮೂರನೇ ಜಾಗದ ರೊಮೇನಿಯಾದ ಓಟಗಾರ್ತಿ 55.41. ಸೆಕೆಂಡಿನ ನೂರನೇ ಒಂದು ಭಾಗ. ಇಬ್ಬರ ಪ್ರಯತ್ನದಲ್ಲಿ ವ್ಯತ್ಯಾಸ ಏನಿತ್ತು? ಏನೂ ಇಲ್ಲ. ಆದರೂ ಒಬ್ಬರಿಗೆ ಮೆಡಲ್, ಒಬ್ಬರಿಗೆ ಇಲ್ಲ. ಟ್ರ್ಯಾಕ್ ಅಂದರೆ ಹಾಗೇ. ಅಲ್ಲಿ ಗೆರೆ ಇದೆ, ಗಡಿಯಾರ ಇದೆ. ಗೆಲುವು ಲೆಕ್ಕಕ್ಕೇ ಇಲ್ಲ ಅಂತ ಮಕ್ಕಳಿಗೆ ಹೇಳಿದರೆ ಅವರು ನಂಬೋದೂ ಇಲ್ಲ. ನಮ್ಮನ್ನೇ ಸುಳ್ಳುಗಾರರು ಅಂದುಕೊಳ್ಳುತ್ತಾರೆ.

ಎಂಟು ಜನ ಅನ್ನೋದು ಕಮ್ಮಿಯಾಯಿತು, ಒಪ್ಪುತ್ತೇನೆ. ಆದರೆ ಒಬ್ಬರೇ ಮೇಷ್ಟ್ರು 26 ಜನರ ಭುಜ ನೋಡೋಕಾಗುತ್ತಾ?

ಸುಮ್ನೆ_ಓದುವವ

ಎಲ್ಲರಿಗೂ ಒಂದೊಂದು ಮೆಡಲ್ ಹಾಕಿ ಕಳಿಸಿಬಿಡಿ. ಜಗಳವೇ ಇಲ್ಲ.

ಸೀಟಿ_ಮೇಷ್ಟ್ರು

ಸುಮ್ನೆ_ಓದುವವ ಅವರೇ, ಮೆಡಲಿನ ಮಾತೇ ನಾನು ಎತ್ತಿಲ್ಲ. ಕೊಟ್ಟರೂ ಆ ಹುಡುಗಿ ವಾಪಸ್ ತಂದು ನನ್ನ ಮೇಜಿನ ಮೇಲೆ ಇಡುತ್ತಾಳೆ. ಅವಳು ಕೇಳಿದ್ದು ಟೈಮು.

ನಾಲ್ಕನೇ_ಜಾಗ ಅವರೇ, ನಿಮ್ಮ ಕೊನೆಯ ಪ್ರಶ್ನೆ ಚುಚ್ಚಿತು. ನಿಜ, ಆಗೋದಿಲ್ಲ. ಈ ವರ್ಷ ಇಬ್ಬರು ಬಿಟ್ಟು ಹೋದರಲ್ಲ, ಅದರಲ್ಲಿ ಒಬ್ಬ ಬಿಟ್ಟಿದ್ದಾನೆ ಅಂತ ನನಗೆ ಗೊತ್ತಾಗಿದ್ದೇ ಎರಡು ವಾರದ ಮೇಲೆ.

ಬೇಲಿ_ಪಕ್ಕದ_ಅಮ್ಮ

ನಾನು ಓಟಗಾರ್ತಿ ಅಲ್ಲ. ಮಗಳು 800 ಓಡುತ್ತಾಳೆ. ಪ್ರತಿ ಕೂಟದಲ್ಲೂ ಬೇಲಿ ಹಿಡಿದುಕೊಂಡು ಕೂಗುವವಳು ನಾನು. ಅವಳು ಏಳನೆಯವಳೋ ಎಂಟನೆಯವಳೋ ಆಗಿ ಬರುತ್ತಾಳೆ. ನಾನು ಓಡಿಹೋಗಿ ನೀರಿನ ಬಾಟಲಿ ಕೊಟ್ಟು "ಸೂಪರ್ ಕಣೇ, ಸೂಪರ್!" ಅನ್ನುತ್ತೇನೆ. ಅದೇ ನನ್ನ ಕೆಲಸ ಅಂದುಕೊಂಡಿದ್ದೆ.

ಒಂದು ದಿನ ಬಾಟಲಿ ತಗೊಳ್ಳದೆ ನಿಂತಳು. "ಅಮ್ಮಾ, ನನ್ನ ಮೊದಲ ಸುತ್ತು ಎಷ್ಟಾಯ್ತು ಹೇಳು" ಅಂದಳು. ನನಗೆ ಗೊತ್ತಿರಲಿಲ್ಲ. "ಹೋದ ಸಲ ಎಷ್ಟಾಗಿತ್ತು?" ಅದೂ ಗೊತ್ತಿರಲಿಲ್ಲ. "ಮತ್ತೆ ಯಾವುದು ಸೂಪರ್?" ಅಂದಳು. ಬಾಯಿ ಕಟ್ಟಿತು. ಅವತ್ತು ಅವಳು ಮೊದಲ ಸುತ್ತು ಜೋರಾಗಿ ಹೋಗಿ ಎರಡನೇ ಸುತ್ತಿನಲ್ಲಿ ಸತ್ತು ಸುಣ್ಣವಾಗಿದ್ದಳು. ಅದು ಅವಳಿಗೆ ಗೊತ್ತಿತ್ತು. ನನಗೆ ಕಂಡಿದ್ದು ಕೆಂಪಾದ ಮುಖ ಮಾತ್ರ.

ಈಗ ಫೋನಿನಲ್ಲಿ ಎರಡು ಸುತ್ತನ್ನೂ ಬೇರೆ ಬೇರೆ ಅಳೆಯುತ್ತೇನೆ. ಮೊನ್ನೆ 1:32, ಆಮೇಲೆ 1:34. "ಎರಡೇ ಸೆಕೆಂಡ್ ಕಣೇ ವ್ಯತ್ಯಾಸ" ಅಂದೆ. ಏಳನೇ ಜಾಗ. ಕಾರಿನಲ್ಲಿ ಇಡೀ ದಾರಿ ಹಾಡು ಹೇಳಿಕೊಂಡು ಬಂದಳು.

ಸುಮ್ನೆ_ಓದುವವ

ಅಮ್ಮನವರ ಮಾತು ಓದಿ ನನ್ನ ಕೊಂಕು ವಾಪಸ್ ತಗೊಂಡೆ. ಅದಕ್ಕೆ ಪ್ರಾಯಶ್ಚಿತ್ತವಾಗಿ ಓದಿದ್ದು ಒಂದು ಹೇಳುತ್ತೇನೆ.

1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಐದನೇ ಕ್ಲಾಸಿನ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟು, ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಕಷ್ಟಪಟ್ಟೆ" ಅಂದರು. ಎರಡನೇ ಸಲ ಬೇಕಂತಲೇ ಕಷ್ಟದ ಲೆಕ್ಕ, ಎಲ್ಲರೂ ಸೋತರು. ಮೂರನೇ ಸಲ ಮತ್ತೆ ಮೊದಲಿನಂಥದ್ದೇ. ಬುದ್ಧಿವಂತ ಅನ್ನಿಸಿಕೊಂಡವರು ಮೊದಲಿಗಿಂತ ಕೆಟ್ಟದಾಗಿ ಮಾಡಿದರು. ಕಷ್ಟಪಟ್ಟೆ ಅನ್ನಿಸಿಕೊಂಡವರು ಮೊದಲಿಗಿಂತ ಚೆನ್ನಾಗಿ ಮಾಡಿದರು. ಇನ್ನೂ ಮಜಾ ಏನೆಂದರೆ, ಎಷ್ಟು ಮಾರ್ಕ್ಸ್ ಬಂತು ಅಂತ ಬೇರೆ ಮಕ್ಕಳಿಗೆ ಬರೆದು ತಿಳಿಸಿ ಅಂದಾಗ, ಜಾಸ್ತಿ ಸುಳ್ಳು ಹೇಳಿದ್ದು ಬುದ್ಧಿವಂತ ಗುಂಪು.

ಆದರೆ ಅದು ಕೂತು ಮಾಡುವ ಲೆಕ್ಕ, ಓಟ ಅಲ್ಲ. ಇನ್ನೊಂದು, ಆ ಮಕ್ಕಳು ನಿಜಕ್ಕೂ ಕೂತು ಲೆಕ್ಕ ಬಿಡಿಸಿದ್ದರು. ಮೈಗಳ್ಳತನ ಮಾಡಿದವನಿಗೆ "ಚೆನ್ನಾಗಿ ಪ್ರಯತ್ನ ಪಟ್ಟೆ" ಅಂದರೆ ಅವನು ಒಳಗೊಳಗೇ ನಗುತ್ತಾನೆ, ಅಷ್ಟೇ.

ಸ್ಟಾಪ್‌ವಾಚ್

ಮೇಷ್ಟ್ರ ಪೋಸ್ಟ್ ಮೂರು ಸಲ ಓದಿದೆ. ನಾನು ಕೂಟಗಳಲ್ಲಿ ಟೈಮ್‌ಕೀಪರ್. ಹನ್ನೊಂದು ವರ್ಷದಿಂದ ಇದೇ ಕೆಲಸ. ಬಿಳಿ ಟೋಪಿ ಹಾಕಿಕೊಂಡು ಗೆರೆ ಪಕ್ಕದ ಮೆಟ್ಟಿಲ ಮೇಲೆ ನಿಲ್ಲುತ್ತೇವಲ್ಲ, ಅವರಲ್ಲಿ ಒಬ್ಬ.

ನಮ್ಮ ಕಡೆಯ ಕಥೆ ಹೇಳುತ್ತೇನೆ, ನೆಪ ಅಂತ ಅಲ್ಲ. ಕೈ ವಾಚಿನಲ್ಲಿ ಹಿಡಿಯುವಾಗ ಗಮನ ಎಲ್ಲ ಮುಂದಿನವರ ಮೇಲೆ. ಸ್ಟಾರ್ಟರ್ ಗನ್ನಿನ ಹೊಗೆ ಕಂಡಾಗ ಒತ್ತಬೇಕು, ಸದ್ದು ಕೇಳಿದಾಗ ಅಲ್ಲ. ಗೆರೆಗೆ ಎದೆ ತಾಗಿದಾಗ ನಿಲ್ಲಿಸಬೇಕು. ತಲೆ, ಕೈ, ಕಾಲು ಲೆಕ್ಕಕ್ಕಿಲ್ಲ. ಟ್ರ್ಯಾಕ್ ಓಟದಲ್ಲಿ ಕೈ ಟೈಮು 10.11 ಬಂದರೆ 10.1 ಅಲ್ಲ, 10.2 ಅಂತ ಬರೆಯಬೇಕು. ಯಾವಾಗಲೂ ಮೇಲಕ್ಕೇ. ಇಷ್ಟೆಲ್ಲ ಶಿಸ್ತು ಮೊದಲ ಮೂವರಿಗೆ. ಎಂಟನೆಯವರು ಬರುವ ಹೊತ್ತಿಗೆ ಮುಂದಿನ ಓಟದ ಪಟ್ಟಿ ಕೈಗೆ ಬಂದಿರುತ್ತದೆ, ಅನೌನ್ಸರ್ ಅವಸರ ಮಾಡುತ್ತಿರುತ್ತಾರೆ. "ಮೆಡಲ್ ಮುಗೀತಲ್ಲ" ಅಂತ ವಾಚು ಸೊನ್ನೆ ಮಾಡಿಬಿಡುತ್ತೇವೆ.

ಎಷ್ಟು ಸಲ ಹಾಗೆ ಮಾಡಿದ್ದೇನೆ ಅಂತ ನಿನ್ನೆ ರಾತ್ರಿ ಎಣಿಸೋಕೆ ಕೂತೆ. ಲೆಕ್ಕ ಸಿಗಲಿಲ್ಲ.

1968ರ ಮೆಕ್ಸಿಕೋ ಸಿಟಿ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಟಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ಬಿದ್ದು, ಮಂಡಿಗೆ ಪಟ್ಟಿ ಕಟ್ಟಿಕೊಂಡು, ಎಲ್ಲರಿಗಿಂತ ಕೊನೆಗೆ ಕ್ರೀಡಾಂಗಣಕ್ಕೆ ಬಂದರು. ಗೆದ್ದವರು ಮುಗಿಸಿ ಒಂದು ಗಂಟೆಗೂ ಜಾಸ್ತಿ ಆಗಿತ್ತು, ಕತ್ತಲಾಗಿತ್ತು. ಎಲ್ಲರೂ ಅವರ ಛಲದ ಬಗ್ಗೆ ಮಾತಾಡುತ್ತಾರೆ. ನನ್ನ ಕಣ್ಣು ಹೋಗಿದ್ದು ಫಲಿತಾಂಶದ ಪಟ್ಟಿಯ ಮೇಲೆ. 57ನೇ ಜಾಗ, 3 ಗಂಟೆ 25 ನಿಮಿಷ 27 ಸೆಕೆಂಡ್. ಆ ಕತ್ತಲಲ್ಲಿ ಯಾರೋ ಒಬ್ಬ ನನ್ನಂಥವನು ವಾಚು ನಿಲ್ಲಿಸದೆ ಕಾಯುತ್ತಿದ್ದ.

ನಾಲ್ಕನೇ_ಜಾಗ

ಸ್ಟಾಪ್‌ವಾಚ್ ಅವರೇ, ಇದನ್ನ ನಾನು ಯೋಚಿಸಿಯೇ ಇರಲಿಲ್ಲ. ನಾಲ್ಕನೆಯವನ ಟೈಮಾದರೂ ಸಿಗುತ್ತಿತ್ತು ನನಗೆ.

ಫಿಸಿಯೋ_ಅಕ್ಕ

ಎರಡು ವಿಷಯ ಹೇಳಬೇಕು. ಒಂದು ಮೇಷ್ಟ್ರಿಗೆ ಇಷ್ಟ ಆಗುತ್ತೆ. ಇನ್ನೊಂದು ಆಗಲಿಕ್ಕಿಲ್ಲ.

ಇಷ್ಟ ಆಗೋದು ಮೊದಲು. ಹುಡುಗಿಯರು ತುಂಬ ವೇಗವಾಗಿ ಎತ್ತರ ಬೆಳೆಯೋದು ಸುಮಾರು 12ರ ಹತ್ತಿರ, ಹುಡುಗರು ಸುಮಾರು 14ರ ಹತ್ತಿರ. ಸುಮಾರು ಅಂದೆ ನೋಡಿ, ಏಕೆಂದರೆ ಒಬ್ಬೊಬ್ಬರಿಗೆ ಎರಡು ವರ್ಷ ಹಿಂದೆ ಮುಂದೆ ಆಗುತ್ತದೆ. ಒಂದೇ ಕ್ಲಾಸಿನಲ್ಲಿ ಗಡ್ಡ ಬಂದವನೂ ಇರುತ್ತಾನೆ, ದನಿ ಒಡೆಯದವನೂ ಇರುತ್ತಾನೆ. ಇಬ್ಬರನ್ನೂ ಒಂದೇ ಗೆರೆ ಮೇಲೆ ನಿಲ್ಲಿಸಿ ಗನ್ ಹೊಡೆದರೆ ಗೆಲ್ಲೋದು ಯಾರು ಅಂತ ನೋಡೋದೇ ಬೇಡ. ಇವತ್ತು ಎಂಟು ಜನ ಆರಿಸಿದರೆ ನೀವು ಆರಿಸೋದು ಬೇಗ ಬೆಳೆದವರನ್ನ. ಒಳ್ಳೆ ಓಟಗಾರರನ್ನ ಅಂತ ಹೇಳೋಕಾಗಲ್ಲ. ತಡವಾಗಿ ಬೆಳೆಯೋ ಹುಡುಗ ಕಾಲು ಬಲಿಯೋ ಹೊತ್ತಿಗೆ ಮನೆಯಲ್ಲಿ ಕೂತಿರುತ್ತಾನೆ.

ಹಾಗೇ, 21 ಮಕ್ಕಳ ಟೈಮ್ ಇಳಿದಿದ್ದು ಪೂರ್ತಿ ತರಬೇತಿಯಿಂದ ಅಂದುಕೊಳ್ಳಬೇಡಿ ಮೇಷ್ಟ್ರೇ. ಒಂದಿಷ್ಟು ಅವರು ಉದ್ದ ಆಗಿದ್ದರಿಂದ. ಟೈಮ್ ಇಳಿಯದ ಆ ಮೂವರ ಪುಟ ತೆಗೆದು ನೋಡಿ. ಈ ವರ್ಷ ದಿಢೀರ್ ಅಂತ ಎತ್ತರ ಆದವರು ಇದ್ದರೆ ಆಶ್ಚರ್ಯ ಇಲ್ಲ. ಕೈಕಾಲು ಉದ್ದ ಆದಾಗ ಕೆಲವು ತಿಂಗಳು ಓಟ ಎಡವಟ್ಟಾಗುತ್ತದೆ. ಮಗು ಮೊದಲಿನಷ್ಟೇ ಕಷ್ಟಪಟ್ಟರೂ ಟೈಮ್ ಏರುತ್ತದೆ.

ಇಷ್ಟ ಆಗದ್ದು ಇದು. "ಪ್ರಯತ್ನ" ಅನ್ನೋ ಮಾತು ನನ್ನ ಕ್ಲಿನಿಕ್‌ಗೆ ತುಂಬ ಮಕ್ಕಳನ್ನ ಕಳಿಸುತ್ತದೆ. ಮಂಡಿಚಿಪ್ಪಿನ ಕೆಳಗೆ ಗಂಟು ಕಟ್ಟಿ ಒತ್ತಿದರೆ ಜೀವ ಹೋಗುತ್ತೆ ಅನ್ನುವವರು, ಹಿಮ್ಮಡಿ ಊರೋಕಾಗದವರು. ಬೆಳೆಯುವ ಮೂಳೆಗೆ ಸ್ನಾಯು ಎಳೆದು ಎಳೆದು ಆಗುವ ನೋವು ಅದು. ಕಮ್ಮಿ ಓಡಿಸಿದರೆ ಸರಿಯಾಗುತ್ತದೆ. ಆದರೆ ಮಗು ಹೇಳೋದೇ ಇಲ್ಲ. ಏಕೆಂದರೆ ತಂಡದಲ್ಲಿ ಹೊಗಳಿಕೆ ಸಿಗೋದು ಹಲ್ಲು ಕಚ್ಚಿ ಓಡಿದವರಿಗೆ. ಗೆದ್ದವರನ್ನ ಮಾತ್ರ ಹೊಗಳಿದರೆ ಸೋತವರಿಗೆ ನೋವು, ನಿಜ. ಒದ್ದಾಡಿದವರನ್ನ ಮಾತ್ರ ಹೊಗಳಿದರೆ ಮಕ್ಕಳು ಒದ್ದಾಟವನ್ನೇ ತೋರಿಸೋಕೆ ಕಲಿಯುತ್ತಾರೆ.

ಎರಡನೇ_ಲೆಗ್

ನಮಸ್ತೆ, ನಾನು ಹತ್ತನೇ ಕ್ಲಾಸ್. ಇಲ್ಲಿ ಎಲ್ಲ ದೊಡ್ಡವರೇ ಇದ್ದೀರ, ಬರೆಯಬಹುದಾ ಗೊತ್ತಿಲ್ಲ.

ಫಿಸಿಯೋ ಅಕ್ಕ, ಹಾಗಾದ್ರೆ ಡೆರೆಕ್ ರೆಡ್ಮಂಡ್ ಮಾಡಿದ್ದು ತಪ್ಪಾ? 1992 ಬಾರ್ಸಿಲೋನಾ, 400 ಮೀಟರ್ ಸೆಮಿಫೈನಲ್. ತೊಡೆ ಹಿಂದಿನ ಸ್ನಾಯು ಹರಿದುಹೋಗಿ, ಕುಂಟಿಕೊಂಡು, ಅವರ ಅಪ್ಪ ಬಂದು ಹಿಡಿದುಕೊಂಡು ಇಬ್ಬರೂ ಗೆರೆ ದಾಟಿದರು. ಆ ವಿಡಿಯೋ ನಮಗೆ ಪ್ರತಿ ವರ್ಷ ತೋರಿಸ್ತಾರೆ.

ಫಿಸಿಯೋ_ಅಕ್ಕ

ಧಾರಾಳವಾಗಿ ಬರಿ ಪುಟ್ಟಾ, ನಿಮ್ಮ ಬಗ್ಗೆಯೇ ತಾನೇ ಮಾತು.

ಅದು ನೋಡಿ ನಾನೂ ಅತ್ತಿದ್ದೇನೆ. ಆದರೆ ಅವರು ಆಗ ಒಲಿಂಪಿಕ್ಸ್ ಮಟ್ಟದ ದೊಡ್ಡ ಮನುಷ್ಯ, ತನ್ನ ಕಾಲಿನ ನಿರ್ಧಾರ ತಾನೇ ತಗೊಂಡರು. ನಿನ್ನ ತೊಡೆ ಚಳಕ್ ಅಂದರೆ ನೀನು ಅಲ್ಲೇ ನಿಲ್ಲಬೇಕು. ಕೂತುಬಿಡು. ಅಪ್ಪ ಬರೋದಾದರೆ ಐಸ್ ತಗೊಂಡು ಬರಲಿ.

ಎರಡನೇ_ಲೆಗ್

ಆಯ್ತಕ್ಕ 😄

ನನ್ನ ಕಥೆ ಬೇರೆ. 4x100 ರಿಲೇಯಲ್ಲಿ ನಾನು ಎರಡನೆಯವನು. ಈ ಸೀಸನ್ ಫೈನಲ್‌ನಲ್ಲಿ ನಾವು ಎರಡನೇ ಜಾಗದಲ್ಲಿ ಇದ್ದೆವು. ಮೂರನೆಯವನಿಗೆ ಕೊಡುವಾಗ ಬ್ಯಾಟನ್ ಬಿತ್ತು. ಟಣ್ ಅಂತ ಸದ್ದು ಬಂತು, ಆ ಸದ್ದು ಈಗಲೂ ಕಿವಿಯಲ್ಲಿದೆ. ಬೀಳಿಸಿದವನೇ ಎತ್ತಿಕೊಳ್ಳಬೇಕು ಅಂತ ರೂಲ್ ಇದೆ. ಅದು ಉರುಳಿ ಪಕ್ಕದ ಲೇನಿಗೆ ಹೋಗಿತ್ತು. ಬೇರೆಯವರಿಗೆ ಅಡ್ಡ ಬರಬಾರದು, ಹಾಗಾಗಿ ಅವರು ಹೋಗೋವರೆಗೆ ನಿಂತು, ಎತ್ತಿಕೊಂಡು, ವಾಪಸ್ ನಮ್ಮ ಲೇನಿಗೆ ಬಂದು ಕೊಟ್ಟೆ. ಕೊನೆಯ ಜಾಗ.

ಎಲ್ಲರೂ "ಎತ್ತಿಕೊಂಡು ಓಡಿದೆಯಲ್ಲ, ಅದೇ ದೊಡ್ಡದು" ಅಂದರು. ನನಗೆ ದೊಡ್ಡದು ಅನ್ನಿಸಲಿಲ್ಲ. ನಾಲ್ಕು ಜನ ಆರು ತಿಂಗಳು ಕಷ್ಟಪಟ್ಟಿದ್ದನ್ನ ನಾನು ಬೀಳಿಸಿದೆ ಅನ್ನಿಸಿತು. ಮೂರನೆಯವನು ಒಂದು ವಾರ ಮಾತಾಡಲಿಲ್ಲ. ಅವನು ಬೇಗ ಹೊರಟಿದ್ದ, ಕೈಯೂ ಅಲ್ಲಾಡುತ್ತಿತ್ತು, ಆದರೆ ನಾನು ಹೇಳಿದರೆ ನೆಪ ಅಂತಾರೆ.

ನಾಲ್ಕನೇ_ಜಾಗ

ತಮ್ಮಾ, ನಿನಗೆ ಬೆನ್ನು ತಟ್ಟೋದಿಲ್ಲ ನಾನು. ಕೆಲಸದ ಮಾತಾಡೋಣ.

2008ರ ಬೀಜಿಂಗ್‌ನಲ್ಲಿ ಅಮೆರಿಕದ ಗಂಡಸರ ತಂಡ, ಹೆಂಗಸರ ತಂಡ, ಎರಡೂ 4x100ರ ಮೊದಲ ಸುತ್ತಿನ ಹೀಟ್ಸ್‌ನಲ್ಲೇ ಬ್ಯಾಟನ್ ಬೀಳಿಸಿದವು. ಲೋಕದಲ್ಲೇ ಜೋರಾಗಿ ಓಡುವವರು. 2016ರ ರಿಯೋದಲ್ಲಿ ಜಪಾನ್ 37.60 ಓಡಿ ಬೆಳ್ಳಿ ಗೆದ್ದಿತು. ಆಗ ಆ ನಾಲ್ವರಲ್ಲಿ 100 ಮೀಟರನ್ನ 10 ಸೆಕೆಂಡಿನೊಳಗೆ ಓಡಿದವರು ಒಬ್ಬರೂ ಇರಲಿಲ್ಲ. ಅವರು ಗೆದ್ದಿದ್ದು ಬ್ಯಾಟನ್ ದಾಟಿಸೋದರಲ್ಲಿ. ಮೇಲಿನಿಂದ ಅಂಗೈಗೆ ಇಡದೆ ಕೆಳಗಿನಿಂದ ಮೇಲಕ್ಕೆ ಕೊಡುತ್ತಿದ್ದರು. ಅದನ್ನ ಸಾವಿರ ಸಲ ಮಾಡಿ ಮಾಡಿ ಪಳಗಿದ್ದರು.

ಹಾಗಾಗಿ ಮೊದಲು ನೋಡಬೇಕಾದ್ದು ಇದು. ಮೂರನೆಯವನಿಗೆ ಚೆಕ್ ಮಾರ್ಕ್, ಅಂದರೆ ಯಾವಾಗ ಹೊರಡಬೇಕು ಅಂತ ತೋರಿಸುವ ಗುರುತು, ಇತ್ತಾ? ಟೇಪ್ ಎಲ್ಲಿ ಅಂಟಿಸಿದ್ದಿರಿ?

ಎರಡನೇ_ಲೆಗ್

ಟೇಪ್ ಇರಲಿಲ್ಲ ಅಣ್ಣ. ಅಂದಾಜಿನ ಮೇಲೆ ಓಡುತ್ತಿದ್ದ.

ನಾಲ್ಕನೇ_ಜಾಗ

ಸಿಕ್ಕಿತು ನೋಡು. ಬಿದ್ದಿದ್ದು ನಿನ್ನ ಕೈಯಿಂದ ಇರಬಹುದು, ಆದರೆ ತಪ್ಪು ಶುರುವಾಗಿದ್ದು ಅಲ್ಲಿ. ಅವನು ನಿಲ್ಲುವ ಜಾಗದಿಂದ ಹಿಂದಕ್ಕೆ, ಪಾದಕ್ಕೆ ಪಾದ ಹಚ್ಚಿ 20 ಅಳೆದು ಟೇಪ್ ಹಾಕಿ. ನೀನು ಟೇಪ್ ದಾಟಿದ ಕ್ಷಣ ಅವನು ಹೊರಡಬೇಕು, ಹಿಂದೆ ತಿರುಗಿ ನೋಡಬಾರದು. ನೀನು ಹಿಡಿಯೋಕೇ ಆಗದಿದ್ದರೆ ಅಳತೆ ಕಮ್ಮಿ ಮಾಡಿ. ಡಿಕ್ಕಿ ಹೊಡೆಯುವ ಹಾಗಾದರೆ ಜಾಸ್ತಿ ಮಾಡಿ. ಬ್ಯಾಟನ್ ದಾಟಿಸುವ ಜೋನ್ 30 ಮೀಟರ್ ಇದೆ, ಅವಸರ ಬೇಡ. ಪ್ರಾಕ್ಟೀಸ್ ಪೂರ್ತಿ ಜೋರಿನಲ್ಲೇ ಮಾಡಿ. ನಿಧಾನಕ್ಕೆ ಓಡಿ ಅಳೆದ ಮಾರ್ಕ್ ಕೂಟದ ದಿನ ಕೆಲಸಕ್ಕೆ ಬರಲ್ಲ. ವಿಡಿಯೋ ತೆಗೀರಿ, ಆಗ ಯಾರದು ನೆಪ ಅನ್ನೋ ಜಗಳವೇ ಇರಲ್ಲ.

ಗುಡ್ಡದ_ಓಟ

ಮೇಷ್ಟ್ರ ಪ್ರಶ್ನೆಗೆ ವಾಪಸ್ ಬರೋಣ. ನಾನೂ ಶಾಲೆ ಮಕ್ಕಳಿಗೆ ಕ್ರಾಸ್ ಕಂಟ್ರಿ (ಟ್ರ್ಯಾಕ್ ಬಿಟ್ಟು ಹುಲ್ಲು, ಗುಡ್ಡದ ಮೇಲಿನ ಓಟ) ಹೇಳಿಕೊಡುತ್ತೇನೆ. ಆಫೀಸಿನವರಿಗೆ ನೋಟ್‌ಬುಕ್ ಜೊತೆ ಇದನ್ನೂ ಹೇಳಿ ನೋಡಿ.

ಕ್ರಾಸ್ ಕಂಟ್ರಿಯಲ್ಲಿ ತಂಡದ ಅಂಕ ಹಾಕುವ ರೀತಿ ಬೇರೆ. ಹಲವು ಶಾಲಾ ಕೂಟಗಳಲ್ಲಿ ಏಳು ಜನ ಓಡುತ್ತಾರೆ, ಮೊದಲು ಬಂದ ಐವರ ಜಾಗ ಕೂಡಿಸುತ್ತಾರೆ, ಕಮ್ಮಿ ಬಂದ ತಂಡ ಗೆಲ್ಲುತ್ತದೆ. ನಿಮ್ಮಲ್ಲಿ ಒಬ್ಬ ಚಿನ್ನದಂಥ ಓಟಗಾರ ಇದ್ದು ಒಂದನೇ ಜಾಗ ಬಂದರೂ, ಐದನೆಯವನು 60ನೇ ಜಾಗದಲ್ಲಿ ಬಂದರೆ ತಂಡ ಮುಳುಗಿತು. ಆರನೆಯವರು, ಏಳನೆಯವರು ಅಂಕ ತರದಿದ್ದರೂ ಎದುರಾಳಿ ತಂಡದ ಐದನೆಯವನಿಗಿಂತ ಮುಂದೆ ಬಂದರೆ ಅವನನ್ನ ಒಂದೊಂದು ಜಾಗ ಹಿಂದಕ್ಕೆ ತಳ್ಳುತ್ತಾರೆ. ನನ್ನ ತಂಡದಲ್ಲಿ ಮಕ್ಕಳು ಕೂಗುವುದೆಲ್ಲ ಐದನೆಯವನ ಹೆಸರು. ಮೊದಲನೆಯವನಿಗೆ ಯಾರೂ ಕೂಗಲ್ಲ, ಪಾಪ.

ಇದರಿಂದ ನನ್ನ ಕೆಲಸ ಸುಲಭ ಆಯಿತು. ನಿಧಾನದ ಮಕ್ಕಳನ್ನ ಇಟ್ಟುಕೊಳ್ಳೋಕೆ ದೊಡ್ಡ ಮಾತು ಯಾವುದೂ ಬೇಕಿಲ್ಲ, ಲೆಕ್ಕವೇ ಸಾಕು. ನಿಮ್ಮ 3000 ಮೀಟರ್ ಹುಡುಗಿಯನ್ನ ಹುಲ್ಲಿನ ಮೇಲೆ ಓಡಿಸಿ ನೋಡಿ. ಬೆರಳು ಎತ್ತಿ ಇನ್ನೊಂದು ಸುತ್ತು ಅನ್ನುವವಳು ಗುಡ್ಡ ಹತ್ತುವಾಗ ನಡೆಯೋದಿಲ್ಲ.

ಬೇಲಿ_ಪಕ್ಕದ_ಅಮ್ಮ

ಮೇಷ್ಟ್ರೇ, 26 ಜನರ ಟೈಮ್ ಬರೆಯೋಕೆ ನಮ್ಮಂಥ ಅಪ್ಪ ಅಮ್ಮಂದಿರನ್ನ ಕರೀರಿ. ಹೇಗೂ ಬಂದು ಬೇಲಿ ಪಕ್ಕ ನಿಂತಿರುತ್ತೇವೆ. ಕೈಗೊಂದು ವಾಚು ಕೊಟ್ಟರೆ ಕೂಗಾಟವಾದರೂ ಕಮ್ಮಿ ಆಗುತ್ತೆ.

ಸೀಟಿ_ಮೇಷ್ಟ್ರು

ಶುಕ್ರವಾರ ಆಯಿತು, ಹೋಗಿ ಬಂದೆ. ಇಲ್ಲಿ ಬರೆದಿದ್ದನ್ನೆಲ್ಲ ಓದಿಕೊಂಡೇ ಹೋಗಿದ್ದೆ.

ನೋಟ್‌ಬುಕ್ ಮೇಜಿನ ಮೇಲೆ ಇಟ್ಟೆ. ಅವರು ಸುಮ್ಮನೆ ಪುಟ ತಿರುವುತ್ತಾ ಹೋದರು. ಒಂದು ಕಡೆ ನಿಂತು "ಈ ಹುಡುಗ ಹನ್ನೆರಡು ದಿನ ಬಂದಿಲ್ಲ, ಕಾಲು ನೋವು ಅಂತ ಬರೆದಿದ್ದೀರಿ. ಆಮೇಲೆ ಏನಾಯ್ತು?" ಅಂದರು. ಬಿಟ್ಟು ಹೋದವನ ಪುಟ ಅದು. ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಟ್‌ಬುಕ್ ತೋರಿಸಿ ಗೆಲ್ಲೋಣ ಅಂತ ಹೋದವನು ನಾನೇ ಸಿಕ್ಕಿಹಾಕಿಕೊಂಡೆ. ಫಿಸಿಯೋ ಅವರೇ, ನಿನ್ನೆ ಸಂಜೆ ಅವನ ಮನೆಗೆ ಹೋಗಿದ್ದೆ. ಹಿಮ್ಮಡಿ ನೋವಂತೆ. ಹೇಳಿದರೆ ತಂಡದಿಂದ ತೆಗೀತೀರಿ ಅಂತ ಹೇಳಲಿಲ್ಲವಂತೆ. ನಿಮ್ಮಂಥವರೊಬ್ಬರ ಹತ್ತಿರ ಕರೆದುಕೊಂಡು ಹೋಗಲು ಅವರ ಅಮ್ಮ ಒಪ್ಪಿದ್ದಾರೆ. ಟೈಮ್ ಇಳಿಯದ ಮೂವರ ಪುಟವನ್ನೂ ನೋಡಿದೆ. ಒಬ್ಬನ ಎತ್ತರ ಅಳೆದೆ. ಅಳೆಯೋಕೆ ನಾನೇ ತಲೆ ಎತ್ತಬೇಕಾಯಿತು.

ಮಾತುಕತೆ ಮುಗಿದಿದ್ದು ಹೀಗೆ: ದೂರದ ಕೂಟಗಳಿಗೆ 12 ಜನ, ಅದಕ್ಕಿಂತ ಒಬ್ಬರೂ ಜಾಸ್ತಿ ಇಲ್ಲ. ಬೆಳಗಿನ ಪ್ರಾಕ್ಟೀಸಿಗೆ ಬಂದವರೆಲ್ಲರೂ ಇರಬಹುದು. ತಿಂಗಳಿಗೊಮ್ಮೆ ನಮ್ಮ ಮೈದಾನದಲ್ಲೇ ಟ್ರಯಲ್, ಎಲ್ಲರಿಗೂ ಟೈಮ್. ಕ್ರಾಸ್ ಕಂಟ್ರಿ ಒಂದು ವರ್ಷ ಮಾಡಿ ನೋಡಿ ಅಂದರು. ಪೂರ್ತಿ ಖುಷಿ ಇಲ್ಲ ನನಗೆ. 12ರ ಪಟ್ಟಿ ಮಾಡುವ ದಿನ ಯಾರ ಮುಖವೋ ನೋಡಬೇಕಾಗುತ್ತದೆ.

ಆ ಹುಡುಗಿಗೆ ಗುಡ್ಡದ ವಿಷಯ ಹೇಳಿದೆ. "ಎಷ್ಟು ಸುತ್ತು ಸರ್?" ಅಂದಳು. ಸುತ್ತಿಲ್ಲಮ್ಮ, ಹೋಗಿ ಬರೋದು ಅಂದೆ. "ಹಾಗಾದ್ರೆ ಯಾರೂ ಮಧ್ಯದಲ್ಲಿ ಕರೆಯಲ್ಲ ಅಲ್ವಾ" ಅಂದಳು.

ಸ್ಟಾಪ್‌ವಾಚ್

ಈ ಭಾನುವಾರ ಕೂಟ ಇತ್ತು. ಶುರುವಾಗುವ ಮೊದಲೇ ಹೇಳಿಬಿಟ್ಟೆ, ಗೆರೆ ದಾಟದವರು ಒಬ್ಬರು ಟ್ರ್ಯಾಕ್ ಮೇಲೆ ಇದ್ದರೂ ನನ್ನ ವಾಚು ನಿಲ್ಲೋದಿಲ್ಲ ಅಂತ. ಅನೌನ್ಸರ್ ಕಣ್ಣು ಬಿಟ್ಟರು. ಇಡೀ ದಿನದಲ್ಲಿ ಒಟ್ಟು ಒಂಬತ್ತು ನಿಮಿಷ ತಡ ಆಯಿತು, ಅಷ್ಟೇ. 3000ದಲ್ಲಿ ಕೊನೆಯ ಹುಡುಗ ಮುಗಿಸಿ, ಬಗ್ಗಿ ಮಂಡಿ ಹಿಡಿದುಕೊಂಡು, ನನ್ನ ಕಡೆ ನೋಡಿದ. ಕೇಳಲಿಲ್ಲ, ಬರೀ ನೋಡಿದ. 12 ನಿಮಿಷ 41 ಅಂದೆ. ಮೇಷ್ಟ್ರೇ, ನಿಮ್ಮ ಹುಡುಗಿಯ ಓಟಕ್ಕೆ ನಾನು ಇದ್ದೆನೋ ಇಲ್ಲವೋ ಗೊತ್ತಿಲ್ಲ. ಇದ್ದಿದ್ದರೆ ಅವಳಿಗೆ ಹೇಳಿ.

ಎರಡನೇ_ಲೆಗ್

ನಾಲ್ಕನೇ ಜಾಗ ಅಣ್ಣ, ಟೇಪ್ ಹಾಕಿದೆವು. 20 ಪಾದ ಜಾಸ್ತಿ ಆಯಿತು, ನನಗೆ ಅವನು ಸಿಗಲೇ ಇಲ್ಲ. 17ಕ್ಕೆ ಸರಿ ಹೋಯಿತು. ಇವತ್ತು ಪೂರ್ತಿ ಜೋರಿನಲ್ಲಿ 14 ಸಲ ದಾಟಿಸಿದೆವು. ಮೂರು ಸಲ ಬಿತ್ತು. ಒಂದು ನನ್ನಿಂದ, ಎರಡು ಅವನಿಂದ. ಅವನು ಒಂದೇ ಅಂತಿದ್ದಾನೆ. ವಿಡಿಯೋ ಇದೆ.